ಸಹಿ ಹಾಕಿದವನೇ ಓದಿ ಹೇಳಬೇಕು

ನಮ್ಮ ಸೂಪರ್‌ವೈಸರ್ ಸಾರ್ ಅವರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಹಿರಿಯೂರಿನ ಖಾಸಗಿ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ವರ್ಷಗಟ್ಟಲೆ ಒದ್ದೆ ಮಣ್ಣನ್ನು ತೋರುಬೆರಳ ಮೇಲೆ ಒತ್ತಿ, ಪಟ್ಟಿಯಂತೆ ಎಳೆದು, ಎಷ್ಟುದ್ದಕ್ಕೆ ಮುರಿಯುತ್ತದೆಂದು ನೋಡಿ ಮಣ್ಣಿನ ಜಿಗುಟು ಅಳೆದ ಬೆರಳು ಅದು. ನಾನು ಅವರನ್ನು ಅಣಕಿಸುವಾಗ ಮೊದಲು ಹೆಬ್ಬೆರಳು ಎತ್ತುತ್ತಿದ್ದೆ, ಆಮೇಲೆ ಮೂಗಿನಲ್ಲಿ "ಅದು ಹೆಂಗಂದ್ರೆ..." ಎನ್ನುತ್ತಿದ್ದೆ. ಲ್ಯಾಬೆಲ್ಲ ನಗುತ್ತಿತ್ತು. ನನ್ನನ್ನು ನಗೆಪಾಟಲು ಮಾಡಲು ಅಣಕು ಬೇಕಿರಲಿಲ್ಲ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಮಣ್ಣು ಒಣಗಿಸಿ ಜರಡಿ ಹಿಡಿಯುತ್ತಿದ್ದೆ, ಅಷ್ಟೇ ಸಾಕಿತ್ತು. ಆದಿವಾಲದ ನಮ್ಮತ್ತೆ ಕೇಳಿದ್ದರು: "ಏನಪ್ಪ, ಜರಡಿ ಹಿಡಿಯಾಕೂ ಡಿಗ್ರಿ ಕೇಳ್ತಾರಾ ಈಗ?"

ಸಾರ್ ಅವರದೊಂದು ಪದ್ಧತಿ. ಪರೀಕ್ಷೆ ಮಾಡಿದವನೇ ವರದಿಗೆ ಸಹಿ ಹಾಕಬೇಕು, ರೈತರನ್ನು ಕೂರಿಸಿ ಓದಿ ಹೇಳಬೇಕು. ನಾನು ಸಹಿ ಹಾಕಿ, ಹಾಳೆ ಮಡಚಿ ಕೈಗಿಟ್ಟು ಕಳಿಸುತ್ತಿದ್ದೆ. ಆರು ತಿಂಗಳಿಗೆ ಅದೂ ಸಾಕಾಯಿತು. ಜೊತೆಗೆ ಓದಿದವರ ಸ್ಟೇಟಸ್ಸಿನಲ್ಲಿ ಕೊರಳಿಗೆ ಐಡಿ ಕಾರ್ಡು, ನನ್ನ ಕೊರಳಿಗೆ ಧೂಳು. ರಾಜೀನಾಮೆ ಬರೆದು ಮೇಜಿನ ಮೇಲಿಟ್ಟೆ.

ಸಾರ್ ಅದನ್ನು ಓದಿ, ನಾನು ಸಹಿ ಹಾಕಿದ ಒಂದು ವರದಿಯ ಪ್ರತಿ ತೆಗೆದರು.

"ಧರ್ಮಪುರದ ಯಜಮಾನ್ರದ್ದು. ಗೊಬ್ಬರ ಬೇಕಿಲ್ಲ ಅಂತ ಬರ್ದಿದೀಯ. ಶೇಂಗಾ ಹೊಲದಾಗೆ ಇಷ್ಟು ಸತ್ವ ಎಲ್ಲಿಂದ ಬಂತು?"

"ಮಿಷನ್ ತೋರ್ಸಿದ್ದು ಸಾರ್."

"ಮಿಷನ್ನು ಎಂ.ಎಸ್ಸಿ. ಓದಿಲ್ಲ, ನೀನು ಓದಿದೀಯ. ಅವ್ರು ಈ ವಾರ ಬಿತ್ತಾರೆ. ನಾಳೆ ಹೋಗಾಣ. ರಾಜೀನಾಮೆ ವಿಷ್ಯ ವಾಪಸ್ ಬಂದ್ಮೇಲೆ ನೋಡಾಣ."

ಮರುದಿನ ಬಸ್ಸಿಳಿದು ಅವರ ಮನೆಗೆ ಹೋದೆವು. "ಬರ್ರಿ ಸಾರ್, ಕುಂತ್ಕಳ್ರಿ," ಎಂದರು ಯಜಮಾನರು. ಮಣ್ಣು ಎಲ್ಲಿಂದ ತಂದಿದ್ದಿರಿ ಎಂದು ಸಾರ್ ಕೇಳಿದರೆ, ಹಿತ್ತಲಿನ ತಿಪ್ಪೆ ತೋರಿಸಿದರು.

"ಆಫೀಸಿಗೆ ಹೋಗಾ ಮಣ್ಣು ಸಾರ್. ಹೊಲದ ಕಲ್ಲುಮಣ್ಣು ಹೆಂಗ್ ಕೊಡಾದು, ಮರ್ಯಾದಿ ಇರಲ್ವಾ? ಅದ್ಕೇ ತಿಪ್ಪೆ ಪಕ್ಕದ್ದು, ಚೆನ್ನಾಗಿರಾದು ನೋಡಿ ಕೊಟ್ಟೆ."

ನಗು ಬಂತು, ಅರ್ಧಕ್ಕೇ ನಿಂತಿತು. ಮಣ್ಣು ಕೊಟ್ಟ ದಿನ ನಾನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಗೊಬ್ಬರವಿಲ್ಲದೆ ಬಿತ್ತಿ ಜೊಳ್ಳು ಕಾಯಿ ಕೀಳುವವರು ಅವರು, ವರದಿಯ ಕೆಳಗಿನ ಸಹಿ ನನ್ನದು. ಸಾರ್ ನನ್ನತ್ತ ನೋಡಿದರು.

"ಯಜಮಾನ್ರೇ, ತಪ್ಪು ನಂದು," ಎಂದೆ. "ಆ ವರದಿ ನಂಬಬ್ಯಾಡ್ರಿ. ಹೊಲದ ಮಣ್ಣು ತಗಂಡ್ ಹೋಗಿ ಮತ್ತೆ ನೋಡ್ತೀನಿ, ಮೂರು ದಿನ ಬಿತ್ತಬ್ಯಾಡ್ರಿ."

ಅವರು ಸಲಿಕೆ ತಂದು ಚಾಚಿದರು. "ಹಂಗಾರೆ ಎಲ್ಲಿ ಅಗೀಬೇಕು, ತೋರ್ಸಪ್ಪ."

ಹೊಲದ ಎಂಟು ಕಡೆ ಅಗೆದೆ. ಅಂಗೈಯಲ್ಲಿ ಬೊಬ್ಬೆ ಬಂತು. ಬಸ್ಸಿನಲ್ಲಿ ಸಾರ್ ಅಂದರು: "ಬೇಜಾರು ಅಂತೀಯ. ಅದು ಹೆಂಗಂದ್ರೆ, ಯಾರಿಗೆ ಮಾಡ್ತಿದೀವಿ ಅಂತ ಗೊತ್ತಿಲ್ದಿದ್ರೆ ಯಾವ ಕೆಲ್ಸನೂ ಬೇಜಾರೇ ಕಣಪ್ಪ."

ಮೂರನೆಯ ದಿನ ಹೊಸ ವರದಿಯನ್ನು ಅವರ ಜಗಲಿಯಲ್ಲಿ ಕೂತು ಓದಿ ಹೇಳಿದೆ. ಯಜಮಾನರು ನಾಲ್ಕು ಪ್ರಶ್ನೆ ಕೇಳಿದರು. ನಾಲ್ಕಕ್ಕೂ ನನಗೆ ಉತ್ತರ ಗೊತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಹಾಗಾದ ನೆನಪಿಲ್ಲ. ರಾಜೀನಾಮೆಯ ಮಾತನ್ನು ಸಾರ್ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕಳೆದ ವರ್ಷ ಸಾರ್ ತೀರಿಕೊಂಡ ಸುದ್ದಿ ಬಂದಾಗ ನಾನು ಹೊಳಲ್ಕೆರೆ ಕಡೆಯ ಒಂದು ಹೊಲದಲ್ಲಿದ್ದೆ. ಇನ್ನೂ ಎರಡು ಕಡೆ ಅಗೆಯುವುದಿತ್ತು. ಮುಗಿಸಿಯೇ ಹೊರಟೆ. ನಾನು ಮುಟ್ಟುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು, ಮುಖ ನೋಡಲು ಸಿಗಲಿಲ್ಲ. ತಡವಾಗಿದ್ದಕ್ಕೆ ಅವರ ಮನೆಯವರು ಬೈದರು. ಸಾರ್ ಆಗಿದ್ದರೆ ಬೈಯುತ್ತಿರಲಿಲ್ಲ.