ಇಬ್ರೂ ಇನ್ನಾ ಸೋತಿಲ್ಲ

ಅಂದು ಗೆದ್ದವರು ಯಾರೆಂದು ನನಗೀಗ ಖಚಿತವಿಲ್ಲ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದೂ ಇಲ್ಲ. ಶಹಾಪುರ–ಸುರಪುರ ಫುಟ್‌ಬಾಲ್ ಫೈನಲ್ ಇದೆಯೆಂದು ಆಟೋಕ್ಕೆ ಮೈಕ್ ಕಟ್ಟಿ ಊರೂರು ಸಾರಿದವನ ದನಿ ಮಾತ್ರ ಕಿವಿಯಲ್ಲಿದೆ: "ಬರ್ರಿ, ನೋಡ್ರಿ, ಇಬ್ರೂ ಇನ್ನಾ ಸೋತಿಲ್ಲ." ಸುರಪುರದ ಪರ ಗೋಲು ಹೊಡೆಯುವವನು ಅವನ ಮಗ, ಶಹಾಪುರದ ಗೋಲ್‌ಕೀಪರ್ ಅವನ ಅಳಿಯ.

ಹಿಂದಿನ ದಿನ ಗೋಗಿ ಊರಿನ ಚಹಾದಂಗಡಿಯಲ್ಲಿ ಯಾರೋ ಕೆಣಕಿದರು: "ಕಾಕಾ, ನಾಳಿ ಮಗನ ಕಡಿಯೋ, ಅಳಿಯನ ಕಡಿಯೋ?"

ಅವನು ಮೈಕ್ ಆರಿಸಿ, ಟವೆಲಿನಿಂದ ಅದರ ಧೂಳು ಒರೆಸಿದ. "ಮಗ ಸೋತ್ರ ಊಟ ಬಿಡ್ತಾನ. ಅಳಿಯ ಸೋತ್ರ ಮಗಳು ಫೋನ್ ಎತ್ತಂಗಿಲ್ಲ. ಇವತ್ತ ಚೊಲೊ ಅದ ನೋಡಪ್ಪ."

ಮರುದಿನ ಶಹಾಪುರದ ಮೈದಾನದಲ್ಲಿ ಅವನನ್ನು ಕಂಡ ನೆನಪಿಲ್ಲ. ಆಮೇಲೆ ಕೊಂಕಲ್ ಹಳ್ಳಿಯಲ್ಲಿ ವಿಚಾರಿಸಿದೆ. ಆಟ ಮುಗಿಯುವ ಹೊತ್ತಿನಲ್ಲೂ ಅವನು ಆ ಹಳ್ಳಿಯಲ್ಲೇ, ಇಬ್ಬರೂ ಇನ್ನೂ ಸೋತಿಲ್ಲವೆಂದು ಸಾರುತ್ತಿದ್ದದ್ದು ನಿಜ.