ದೊರೆಸಾನಿಯ ಬಾವುಟದ ಪ್ರಾಣಿ

ಪುಟ್ಟಿ, ಗುಂಡ, ಹಿರಿಯೂರಿನ ಟೈಲರ್ ಅಂಗಡಿಯಲ್ಲಿ ನಿಮ್ಮಜ್ಜಿ ನಾನು ಕೂರಲು ಶುರು ಮಾಡಿದ್ದು ಹೇಗೆಂದು ಕೇಳಿದ್ದಿರಿ. ಬಾಯಲ್ಲಿ ಹೇಳಲು ನಾಚಿಕೆ, ಅದಕ್ಕೆ ಬರೆಯುತ್ತಿದ್ದೇನೆ.

ಎಪ್ಪತ್ತಮೂರೋ ಎಪ್ಪತ್ನಾಲ್ಕೋ ಇರಬೇಕು. ಸರ್ಕಾರ ಅರಸು ಮನೆತನಗಳ ಬಿರುದುಗಳನ್ನು ತೆಗೆದು ಸ್ವಲ್ಪ ಕಾಲವಾಗಿತ್ತು. ಅಂಥದೊಂದು ಮನೆತನದ ಕಿರಿಯ ಸೊಸೆಯ ಡ್ರೈವರ್ ನಿಮ್ಮ ತಾತನ ಅಂಗಡಿಗೆ ಹಳೆಯ ಕೆಂಪು ಬಾವುಟವೊಂದನ್ನು ತಂದ. ಅದೇ ಥರದ್ದು ಹೊಸದು ಬೇಕಂತೆ. ಕಾರಿಗೆ ಕಟ್ಟಲಿಕ್ಕಲ್ಲ, ಮಗಳಿಗೆ ಕೊಡಲಿಕ್ಕೆ. ಅಂಗಡಿಯ ಹಿಂದೆಯೇ ಮನೆ. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ.

"ಮ್ಯಾಲೆ ಸೂರ್ಯ ಚಂದ್ರ. ಅವು ಇರೋ ತಂಕ ಮನೆತನ ಇರ್ತೈತೆ ಅಂತ," ಎಂದ ಡ್ರೈವರ್. "ಈ ಹಸಿರು ಅಂಚು ನಮ್ಮ ಅಮ್ಮಾರಿಗೆ ಮಾತ್ರ. ಅವರ ಭಾವಾರ ಬಾವುಟಕ್ಕೆ ಹಳದಿ. ಅದಲು ಬದಲು ಮಾಡೀರಿ ಮತ್ತೆ."

ನಡುವಿನ ಪ್ರಾಣಿ ಯಾವುದೆಂದು ಅವನು ಹೇಳಲಿಲ್ಲ. ಅದರ ತಲೆಯನ್ನು ನುಸಿ ತಿಂದಿತ್ತು. ಕೇಳಬೇಕೆಂದುಕೊಂಡೆ, ಸಂಕೋಚದಿಂದ ಮರೆಯಲ್ಲೇ ಉಳಿದೆ.

ಅವನು ಹೋದ ಮೇಲೆ ತಾತ, "ಕಸೂತಿ ಎಲ್ಲಾ ನಿಂದೇ. ಅಮ್ಮಾರು ಒಪ್ಪಿದ್ರೆ ನೀನೂ ಅಂಗಡೀಲಿ ಕುಂತ್ಕ," ಎಂದರು. ಮದುವೆಯಾಗಿ ಬಂದಾಗಿನಿಂದ ಆ ಮಾತಿಗೇ ಕಾಯುತ್ತಿದ್ದೆ.

ನಾನು ಜವನಗೊಂಡನಹಳ್ಳಿ ಕಡೆಯ ಕುರಿ ಸಾಕುವವರ ಮನೆಯಲ್ಲಿ ಬೆಳೆದವಳು. ಕತ್ತಿನ ಹತ್ತಿರ ಉಳಿದಿದ್ದ ಸುರುಳಿ ನನಗೆ ಕೊಂಬಾಗಿ ಕಂಡಿತು. ಎತ್ತಿದ ಮುಂಗಾಲು ನೋಡಿದರೆ ಗುದ್ದಲು ನಿಂತ ಟಗರೇ. ಹೊಸ ಬಾವುಟಕ್ಕೆ ಟಗರಿನ ತಲೆಯನ್ನೇ ಕಸೂತಿ ಹಾಕಿದೆ. ಉದ್ದ ಬಾಲವೊಂದು ಮಾತ್ರ ಹೊಂದಲಿಲ್ಲ. ಬಳ್ಳಿ ಇರಬಹುದೆಂದು ಎರಡು ಎಲೆ ಸೇರಿಸಿದೆ.

ಶುಕ್ರವಾರ ಅಮ್ಮನವರೇ ಬಂದರು. ಕಾರಿನ ಮುಂದೆ ಬಾವುಟದ ಕಡ್ಡಿ ಖಾಲಿ ನಿಂತಿತ್ತು. ತಾತ ನನ್ನನ್ನೂ ಹೊರಗೆ ಕರೆದರು. ಅಮ್ಮನವರು ಬಟ್ಟೆ ಬಿಡಿಸಿ ಬಹಳ ಹೊತ್ತು ನೋಡಿದರು. ಹಿಂದಿನಿಂದ ಡ್ರೈವರ್ ಇಣುಕಿದ.

"ಸಿಂಹಕ್ಕೆ ಯಾರಾದ್ರೂ ಕೊಂಬು ಇಕ್ತಾರೇನಕ್ಕ? ಬಾಲಕ್ಕೆ ಸೊಪ್ಪು ಬೇರೆ ಕಟ್ಟೀಯ."

ತಾತ ಅಳತೆ ಟೇಪನ್ನು ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು. ನಾನು ನೆಲ ನೋಡಿದೆ.

"ಸಿಂಹ ಅಂತ ನಿನಗೆ ಯಾರು ಹೇಳಿದ್ದು?" ಅಮ್ಮನವರು ಡ್ರೈವರನ್ನು ಕೇಳಿದರು. "ನಮ್ಮತ್ತೆ ಗುಡಿ ಕಂಬದಲ್ಲಿರೋ ಯಾಳಿ ಅಂತಿದ್ರು. ನಮ್ಮ ಯಜಮಾನರು ಕುದುರೆ ಅಂತಿದ್ರು. ನಾನು ಮದುವೆಯಾಗಿ ಬಂದಾಗಲೇ ಅದಕ್ಕೆ ತಲೆ ಇರಲಿಲ್ಲ. ಹೊಸ ಸೊಸೆ, ಕೇಳೋಕೆ ಸಂಕೋಚ."

ಎರಡೂ ಬಾವುಟ ಮಡಿಸಿಕೊಂಡು ಕಾರು ಹತ್ತಿದರು. ಚೆನ್ನಾಗಿದೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

"ಒಪ್ಪಿದ್ರೋ ಇಲ್ವೋ?" ಎಂದೆ.

"ನಂಗೇನ್ ಗೊತ್ತೇ. ತಗಂಡಂತೂ ಹೋದ್ರು," ಎಂದರು ತಾತ.

ಆ ಉತ್ತರದಿಂದ ಏನು ತಿಳಿಯಬೇಕೋ ಗೊತ್ತಾಗಲಿಲ್ಲ. ಮರುದಿನ ನಾನೇ ಹೋಗಿ ಅಂಗಡಿಯ ಮೂಲೆಯಲ್ಲಿ ನಿಂತೆ. ತಾತ ನನ್ನ ಕಡೆ ಒಂದು ಸ್ಟೂಲು ಸರಿಸಿದರು.

ಆ ಪ್ರಾಣಿ ಯಾವುದೋ ಇವತ್ತಿಗೂ ತಿಳಿಯದು. ನೆನಪಿದ್ದಷ್ಟು ಅದರ ಚಿತ್ರವನ್ನು ಈ ಹಾಳೆಯ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ, ತಲೆಯೊಂದನ್ನು ಬಿಟ್ಟು. ತಿಳಿದವರು ಸಿಕ್ಕರೆ ತೋರಿಸಿ, ಸಂಕೋಚಪಡದೆ ಕೇಳಿ. ಅಲ್ಲಿಯವರೆಗೆ ಈ ಹಾಳೆಗಳನ್ನಾದರೂ ನುಸಿ ತಿನ್ನದಂತೆ ಜೋಪಾನ ಮಾಡಿ.