ಅತ್ತಿಗೆ ಆರಿಸಿದ ಪ್ರೊಸೆಸರ್

ಹೊಗೆಸೊಪ್ಪಿನ ಕಾಲದಲ್ಲಿ ನಮ್ಮ ಅತ್ತಿಗೆಯ ಬೆರಳ ತುದಿಗಳು ಕಪ್ಪಗಿರುತ್ತವೆ. ಹಸಿ ಎಲೆಯನ್ನು ಕಡ್ಡಿಗೆ ಕಟ್ಟುವಾಗ ಹತ್ತುವ ಅಂಟು ಅದು, ಸೋಪಿಗೂ ಜಗ್ಗುವುದಿಲ್ಲ, ಸೀಗೆಪುಡಿಗೂ ಜಗ್ಗುವುದಿಲ್ಲ. ಗುರುಪುರದ ನಮ್ಮ ಬೀದಿಯ ಹೆಂಗಸರೆಲ್ಲರ ಬೆರಳೂ ಹಾಗೇ, ನನ್ನದೂ ಹಾಗೇ ಇತ್ತು. ಆದರೆ ಆ ಕಪ್ಪು ಬೆರಳುಗಳಲ್ಲಿ ಅವರು ಬೆಂಕಿಪೊಟ್ಟಣದಷ್ಟೂ ಇಲ್ಲದ ಒಂದು ಪ್ರೊಸೆಸರನ್ನು ಅಂಚಿನಲ್ಲಷ್ಟೇ ಹಿಡಿದು ಎತ್ತುವುದನ್ನು ಕಂಡ ದಿನ ನನ್ನ ಹೊಟ್ಟೆ ಧಗಧಗ ಉರಿಯಿತು. ಸುಳ್ಳು ಯಾಕೆ ಹೇಳಲಿ, ಆ ಉರಿ ಇನ್ನೂ ಪೂರ್ತಿ ಆರಿಲ್ಲ.

ಅವರು ಸೊಸೆಯಾಗಿ ಬರುವ ಮೊದಲು ನಮ್ಮ ಮನೆಯ ಕಂಪ್ಯೂಟರ್ ಅಣ್ಣನದು ಮತ್ತು ನನ್ನದು. ಅಣ್ಣ ಹೊಗೆಸೊಪ್ಪು ಬೆಳೆಯುವವನು. ಎಲೆ ಹದಮಾಡುವ ಬ್ಯಾರನ್ನಿಗೆ ಸೌದೆ ಒಟ್ಟಿ, ಕೈಕಾಲು ತೊಳೆದು ಬಂದರೆ ನೇರ ಆಟಕ್ಕೆ ಕೂರುತ್ತಿದ್ದ. ಇದ್ದದ್ದು ಒಂದೇ ಕಂಪ್ಯೂಟರ್, ಆಡುವವರು ಇಬ್ಬರು. ಹಾಗಾಗಿ ಕೀಬೋರ್ಡು ಅವನಿಗೆ, ಮೌಸು ನನಗೆ. ಓಡುವವನು ಅವನು, ಗುಂಡು ಹೊಡೆಯುವವಳು ನಾನು. ಆಟದ ಚಿತ್ರವನ್ನು ಪರದೆಗೆ ತರುವ ಗ್ರಾಫಿಕ್ಸ್ ಕಾರ್ಡನ್ನು ಇಬ್ಬರೂ ಮೈಸೂರಿಗೆ ಹೋಗಿ ತಂದಿದ್ದೆವು. ಬಸ್ಸಿನಲ್ಲಿ ಕುಲುಕದಿರಲಿ ಅಂತ ದಾರಿಯುದ್ದಕ್ಕೂ ಆ ಡಬ್ಬವನ್ನು ನಾನು ಮಡಿಲಲ್ಲಿಟ್ಟುಕೊಂಡು ಬಂದಿದ್ದೆ.

ಅತ್ತಿಗೆ ಹೆಗ್ಗಡದೇವನಕೋಟೆಯವರು. ಅಲ್ಲಿ ಬಸ್ ನಿಲ್ದಾಣದ ಹತ್ತಿರ ಅವರಣ್ಣನದೊಂದು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ. ಜನ ಪಹಣಿಗೆ, ಆಧಾರಿಗೆ ಸಾಲು ನಿಂತಿರುವಾಗ ಕಂಪ್ಯೂಟರ್ ಕೆಟ್ಟರೆ ಮೈಸೂರಿನಿಂದ ಯಾರೋ ಬರುವವರೆಗೆ ಕಾಯುವುದಕ್ಕಾಗುತ್ತದೆಯೇ? ಬಿಚ್ಚಿ ನೋಡುವ ಕೆಲಸ ಇವರ ಪಾಲಿಗೆ ಬಂತು. ಆ ಚಟ ನಮ್ಮ ಮನೆಗೂ ಜೊತೆಯಲ್ಲೇ ಬಂತು. ಮಿಕ್ಸಿ ನಿಂತರೂ, ಮೋಟಾರಿನ ಸ್ಟಾರ್ಟರ್ ಕೈಕೊಟ್ಟರೂ ಅವರದು ಒಂದೇ ಮಾತು, ‘ಬಿಚ್ಚಿ ನೋಡಾನ ತಡೀರಿ.’ ಕಂಪ್ಯೂಟರ್ ಬಿಚ್ಚುವ ಮೊದಲು ಹಿತ್ತಲಿಗೆ ಹೋಗಿ ಕಬ್ಬಿಣದ ನಲ್ಲಿಯನ್ನು ಒಮ್ಮೆ ಮುಟ್ಟಿ ಬರುತ್ತಿದ್ದರು. ಮೈಯಲ್ಲಿರುವ ಕರೆಂಟು ಇಳಿಯಲಿ ಅಂತ. ಅವ್ವ ಅದನ್ನು ಅವರ ತವರು ಕೋಟೆ ಕಡೆಯ ಯಾವುದೋ ದೇವರ ಹರಕೆ ಅಂದುಕೊಂಡು, ನಲ್ಲಿಗೆ ಅರಿಶಿನ ಕುಂಕುಮ ಇಡಬೇಕೇನೋ ಅಂತ ನನ್ನನ್ನು ಗುಟ್ಟಾಗಿ ಕೇಳಿದ್ದಳು. ಮನೆಗೆ ಬಂದು ವರ್ಷ ತುಂಬುವಷ್ಟರಲ್ಲಿ ಅಣ್ಣನ ಪಕ್ಕದ ಕುರ್ಚಿಯಲ್ಲಿ ಅತ್ತಿಗೆ ಕೂತಿದ್ದರು. ಯಾರೂ ನನ್ನನ್ನು ಏಳು ಅನ್ನಲಿಲ್ಲ. ನಾನು ಒಂದು ದಿನ ಚಹಾ ತರಲು ಎದ್ದೆ, ಬರುವಷ್ಟರಲ್ಲಿ ಮೌಸು ಅವರ ಕೈಯಲ್ಲಿತ್ತು. ಗುಂಡೂ ನನಗಿಂತ ಚೆನ್ನಾಗಿ ಹೊಡೆಯುತ್ತಿದ್ದರು, ಅದೊಂದು ಬೇರೆ.

ಆ ವರ್ಷವೇ ಕೆ.ಆರ್. ನಗರದಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಗಂಡು ಫ್ಲೆಕ್ಸ್ ಡಿಸೈನ್ ಮಾಡುವವರು. ನಾನು ಕಾಫಿ ತಟ್ಟೆ ಹಿಡಿದು ಬಾಗಿಲ ಮರೆಯಲ್ಲಿ ನಿಂತಿದ್ದೆ. ಹಿರಿಯರು ಗದ್ದೆ ತೋಟದ ಮಾತಾಡುತ್ತಿದ್ದರೆ ನಮ್ಮ ಅತ್ತಿಗೆ ಗಂಡನ್ನು ನೇರವಾಗಿ ಕೇಳಿದ್ದು ಇದು, ‘ನಿಮ್ ಕಂಪ್ಯೂಟರ್‌ಗೆ ಪವರ್ ಸಪ್ಲೈ ಎಷ್ಟು ವ್ಯಾಟಿಂದು? ಗ್ರಾಫಿಕ್ಸ್ ಕಾರ್ಡ್ ಐತಾ?’ ಅವರು ತಬ್ಬಿಬ್ಬಾಗಿ, ಪ್ರೊಸೆಸರ್ ಚೆನ್ನಾಗಿದೆ, ಸಪ್ಲೈ ದೊಡ್ಡದೇ ಇದೆ, ಕಾರ್ಡ್ ಮಾತ್ರ ಇಲ್ಲ ಅಂದರು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನನ್ನು ನೋಡಲು ಬಂದವರು ಅವರನ್ನು ನೋಡಿಕೊಂಡು ಕೂತಿದ್ದಾರಲ್ಲ! ಆವತ್ತಾದರೂ ತಮ್ಮ ಜಾಣತನವನ್ನು ಡಬ್ಬಿಯಲ್ಲಿಟ್ಟು ಮುಚ್ಚಿಡಬಾರದಿತ್ತೇ ಅಂತ ಮನಸ್ಸಿನಲ್ಲೇ ಬೈದುಕೊಂಡೆ.

ಸಂಬಂಧ ಗೊತ್ತಾಯಿತು. ಸೊಪ್ಪಿನ ಮೊದಲ ಹರಾಜು ಮುಗಿದ ಮೇಲೆ ಅಣ್ಣ ಹೊಸ ಗೇಮಿಂಗ್ ಕಂಪ್ಯೂಟರ್ ಕಟ್ಟೋಣ ಅಂದ. ಕಾರ್ಡು ಹಳೆಯದೇ ಸಾಕು, ಮಿಕ್ಕಿದ್ದೆಲ್ಲ ಹೊಸದು. ಪ್ರೊಸೆಸರ್ ಯಾವುದೆಂದು ನಾನೇ ಹೇಳಬೇಕು ಅಂತ ಪಟ್ಟು ಹಿಡಿದೆ. ನಾನು ಹೋದ ಮೇಲೂ ಆ ಮನೆಯಲ್ಲಿ ನಾನು ಆರಿಸಿದ್ದೊಂದು ಉಳಿಯಬೇಕು, ಅಣ್ಣ ಆಡಲು ಕೂತಾಗಲೆಲ್ಲ ಅದರೊಳಗೆ ನಾನಿರಬೇಕು, ಇಷ್ಟೇ ನನ್ನ ಆಸೆ. ವಾರಗಟ್ಟಲೆ ವಿಡಿಯೋ ನೋಡಿ, ಒಂದನ್ನೊಂದು ತೂಗಿ, ಆಟಕ್ಕೆಂದೇ ಮಾಡಿದ ಭಾರೀ ವೇಗದ ಒಂದನ್ನು ಆರಿಸಿದೆ. ಅತ್ತಿಗೆ ಮೊಬೈಲಿನಲ್ಲಿ ಅದನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ.

‘ಕಾರ್ಡ್ ತೆಗೆದ್ರೆ ಇದ್ರಲ್ಲಿ ಪರದೆ ಬತ್ತದಾ?’

‘ಇಲ್ಲ. ಆದ್ರೆ ಕಾರ್ಡ್ ಯಾಕೆ ತೆಗೀಬೇಕು ಅತ್ಗೆ? ಇದೆಯಲ್ಲ.’

ಅವರು ಬೇರೊಂದನ್ನು ತೋರಿಸಿದರು. ವೇಗ ಕಡಿಮೆ, ಆದರೆ ಚಿತ್ರ ತೋರಿಸುವ ಶಕ್ತಿ ಪ್ರೊಸೆಸರಿನ ಒಳಗೇ ಇದೆ. ಕಾರ್ಡಿಲ್ಲದಿದ್ದರೂ ಹೇಗೋ ಆಡಬಹುದು. ಒಳ್ಳೆಯ ಕಾರ್ಡು ಕೈಯಲ್ಲಿರುವಾಗ ಅಂಥದ್ದನ್ನು ಯಾರಾದರೂ ಕೊಳ್ಳುತ್ತಾರೆಯೇ? ನಾನು ವಾದಿಸಿದೆ, ವಿಡಿಯೋ ತೋರಿಸಿದೆ, ಅಳುವುದೊಂದು ಬಾಕಿ. ಅಣ್ಣ ನನ್ನ ಮುಖ ನೋಡದೆ ಹೇಳಿದ, ‘ಅವ್ಳು ಏಳಿದ್ದೇ ಇರ್ಲಿ ಬುಡವ್ವ.’

ಆ ಮಾತಿಗೆ ನಾನು ಊಟ ಬಿಟ್ಟೆ, ತಲೆನೋವು ಅಂದೆ. ಸಾಮಾನು ಬಂದ ದಿನ ಅತ್ತಿಗೆ ನಲ್ಲಿ ಮುಟ್ಟಿ ಬಂದು ಕೂತರು, ನನ್ನನ್ನೂ ಪಕ್ಕಕ್ಕೆ ಕರೆದರು. ನಾನು ಹೋಗಲಿಲ್ಲ, ಆದರೆ ಅಡುಗೆಮನೆಯಿಂದ ಎಲ್ಲವನ್ನೂ ನೋಡಿದೆ. ಅತ್ತಿಗೆ ಅಂಚು ಹಿಡಿದು ಎತ್ತಿಕೊಟ್ಟ ಪ್ರೊಸೆಸರನ್ನು ಅಣ್ಣ ಅದರ ಜಾಗದಲ್ಲಿಟ್ಟು ಹೆಬ್ಬೆರಳಲ್ಲಿ ಒತ್ತಲು ಹೋದಾಗ ಅವರು ಕೈ ಹಿಡಿದರು. ‘ಒತ್ತಬ್ಯಾಡ್ರಿ. ಸರಿಯಾಗಿ ಇಟ್ರೆ ಅದೇ ಕೂತ್ಕತದೆ.’ ಕಂಪ್ಯೂಟರ್ ಒಂದೇ ಸಲಕ್ಕೆ ಎದ್ದಿತು. ಏಳದಿರಲಿ ಅಂತ ನಾನು ಒಲೆಯ ಮುಂದೆ ದೇವರನ್ನು ಬೇಡಿಕೊಂಡಿದ್ದು ಅವರಿಗೆ ಗೊತ್ತಿಲ್ಲ.

ಮದುವೆಯಾಗಿ ಮೊದಲ ಗೌರಿ ಹಬ್ಬಕ್ಕೆ ತವರಿಗೆ ಬಂದೆ. ಹೊರಡುವ ದಿನ ಮಡಿಲಕ್ಕಿ ಕಟ್ಟಲು ನನ್ನನ್ನು ಮಣೆಯ ಮೇಲೆ ಕೂರಿಸಿದರು. ತವರಿನಿಂದ ಹೊರಡುವ ಹೆಣ್ಣುಮಗಳನ್ನು ಬರಿ ಮಡಿಲಲ್ಲಿ ಕಳಿಸಬಾರದು. ತುಂಬುವುದು ಮನೆಯ ಸೊಸೆಯ ಕೆಲಸ. ನಾನು ಸೆರಗು ಒಡ್ಡಿದೆ. ಅತ್ತಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ರವಿಕೆ ಕಣ ಒಂದೊಂದಾಗಿ ಹಾಕಿದರು. ಆಮೇಲೆ ಒಳಗೆ ಹೋಗಿ ಹೊಸ ಟವೆಲಿನಲ್ಲಿ ಸುತ್ತಿದ ಡಬ್ಬವೊಂದನ್ನು ತಂದು ಅಕ್ಕಿಯ ಮೇಲೆ ಇಟ್ಟರು. ಭಾರಕ್ಕೇ ನನಗೆ ಗುರುತು ಸಿಕ್ಕಿತು. ಮೈಸೂರಿನಿಂದ ದಾರಿಯುದ್ದಕ್ಕೂ ಹೊತ್ತು ತಂದ ಭಾರ ಅದು.

‘ಮಡ್ಲಿಗೆ ಯಾರಾದ್ರೂ ಕಬ್ಬಿಣ ಆಕ್ತಾರೇನೆ?’ ಅಂದಳು ಅವ್ವ. ಅತ್ತಿಗೆ ಡಬ್ಬಕ್ಕೊಂದು ಕುಂಕುಮದ ಬೊಟ್ಟಿಟ್ಟು ಅವ್ವನ ಬಾಯಿ ಮುಚ್ಚಿಸಿದರು.

‘ಅಣ್ಣ ತಂಗಿ ಸೇರಿ ತಂದಿದ್ದು ಇದು, ನಿಂದೂ ಪಾಲೈತೆ. ನೀನು ಹಬ್ಬಕ್ಕೆ ಬಂದು ಒಂಟೋಗೋ ದಿನ ಇದ್ನ ಕೊಟ್ಟು ಕಳಿಸ್ಬೇಕು ಅಂತ ಗಂಡಿನ್ ಕಡೆಯೋರು ಬಂದಿದ್ ದಿನಾನೇ ಅಂದ್ಕಂಡಿದ್ದೆ. ಅದ್ಕೇ ಕಣವ್ವ, ಕಾರ್ಡ್ ಇಲ್ದೆನೂ ನಡೆಯೋ ಪ್ರೊಸೆಸರ್ ತಕ್ಕಂಡಿದ್ದು. ನಿಮ್ಮನೇಲಿ ಸಪ್ಲೈ ತಡೀತದೆ, ಕೇಳಿವ್ನಿ.’

ಸೆರಗನ್ನು ಗಂಟು ಹಾಕಿಕೊಂಡು ಎದ್ದೆ. ಬಸ್ಸಿನಲ್ಲಿ ಕೆ.ಆರ್. ನಗರದವರೆಗೂ ಅಳುತ್ತಲೇ ಹೋದೆ. ಅದರಲ್ಲಿ ಪ್ರೀತಿ ಎಷ್ಟು, ಹೊಟ್ಟೆಕಿಚ್ಚು ಎಷ್ಟು ಅಂತ ನನಗೇ ಗೊತ್ತಾಗಲಿಲ್ಲ. ನಾನು ಅಣ್ಣನ ಮನೆಯಲ್ಲಿ ನನ್ನ ಗುರುತು ಬಿಟ್ಟುಹೋಗಲು ಒದ್ದಾಡುತ್ತಿದ್ದಾಗ ಅವರು ನನ್ನ ಗಂಡನ ಮನೆಯಲ್ಲಿ ನನಗೊಂದು ಜಾಗ ಹುಡುಕುತ್ತಿದ್ದರು. ಪ್ರೊಸೆಸರಿನ ವಿಚಾರದಲ್ಲಿ ಸೋತದ್ದನ್ನು ಸಹಿಸಬಹುದು. ಇದರಲ್ಲೂ ಅವರೇ ನನಗಿಂತ ಮೇಲಾಗಬೇಕಿತ್ತೇ?

ಈಗ ಕಾರ್ಡು ನಮ್ಮ ಯಜಮಾನರ ಕಂಪ್ಯೂಟರಿನಲ್ಲಿದೆ. ಸಂಜೆ ಕೆಲಸ ಮುಗಿದರೆ ನಾನಿಲ್ಲಿ, ಅಣ್ಣ ಅತ್ತಿಗೆ ಅಲ್ಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಆಡಲು ಕೂರುತ್ತೇವೆ. ಅಲ್ಲಿ ಕೀಬೋರ್ಡು ಅಣ್ಣನದು, ಮೌಸು ಅತ್ತಿಗೆಯದು. ಮೊನ್ನೆ ನಾನು ಅವರ ಎದುರು ಪಕ್ಷ. ಆಳೆತ್ತರದ ಹುಲ್ಲಿನಲ್ಲಿ ಉಸಿರು ಬಿಗಿಹಿಡಿದು ಅವಿತು ಕೂತಿದ್ದೆ, ನಮ್ಮ ಪರದೆಯಲ್ಲಿ ಹುಲ್ಲಿನ ಒಂದೊಂದು ಗರಿಯೂ ಗಾಳಿಗೆ ಅಲ್ಲಾಡುತ್ತಿತ್ತು. ಅವರಿಬ್ಬರ ಆಳು ನೇರವಾಗಿ ನಡೆದು ಬಂದು ನನ್ನ ಮುಂದೆ ನಿಂತಿತು. ನಾನು ನಿಮಗೆ ಹೇಗೆ ಕಂಡೆ ಅಂತ ಅತ್ತಿಗೆಯನ್ನು ಕೇಳಿದೆ.

‘ನಮ್ಗೆ ಹುಲ್ಲೇ ಇಲ್ಲ ಕಣವ್ವ. ಕಾರ್ಡ್ ಓದಾಗಿಂದ ಹುಲ್ಲು, ನೆಳ್ಳು ಎಲ್ಲ ತೆಗೆದಾಕಿ ಆಡ್ತಾ ಇವ್ನಿ. ಬಯಲಲ್ಲಿ ಒಬ್ಳೇ ಕುಕ್ಕರಗಾಲಲ್ಲಿ ಕೂತಿದ್ದೀಯ.’

ಅವರ ಪಕ್ಕದಿಂದ ಅಣ್ಣ ಜೋರಾಗಿ ನಗುವುದು ಕೇಳಿಸಿತು. ಅತ್ತಿಗೆ ಗುಂಡು ಹೊಡೆಯಲಿಲ್ಲ. ‘ನಿಂಗೆ ಎಂಗೆ ಕಾಣ್ತದೆ? ಅಸ್ರಾಗೈತಾ?’ ಅಂದರು. ಹಸಿರಾಗಿದೆ ಅತ್ಗೆ, ಗಾಳಿಗೆ ಅಲ್ಲಾಡುತ್ತಿದೆ ಅಂದೆ. ಅವರು ಗುರಿಯನ್ನು ಬೇರೆ ಕಡೆ ತಿರುಗಿಸಿ, ಸ್ವಲ್ಪ ಹೊತ್ತು ನನ್ನ ಪಕ್ಕದಲ್ಲೇ, ಅವರಿಗೆ ಕಾಣದ ಆ ಹುಲ್ಲಿನಲ್ಲಿ ಕೂತರು.